ಲೇಬಲ್ಲಿನ ವ್ಯಾಟ್, ಶಾಫ್ಟಿನ ವ್ಯಾಟ್

ಫೆಸ್ಟಿಗೆ ಹನ್ನೊಂದು ದಿನ ಬಾಕಿ ಇರುವಾಗ ನಮ್ಮ ದೋಣಿ ಹೊಂಡದ ನಟ್ಟನಡುವೆ ನಿಂತುಬಿಟ್ಟಿತು. ರಿಮೋಟಿನ ಸ್ಟಿಕ್ ಎಷ್ಟು ತಳ್ಳಿದರೂ ಕದಲಲಿಲ್ಲ. ಪ್ಯಾಂಟು ಮಡಚಿಕೊಂಡು ನೀರಿಗಿಳಿದು ಎತ್ತಿಕೊಂಡು ಬಂದರೆ ಮೋಟರ್ ಮುಟ್ಟೋಕೂ ಆಗದಷ್ಟು ಬಿಸಿ, ಒಳಗಿಂದ ವಾರ್ನಿಷ್ ಸುಟ್ಟ ವಾಸನೆ. "ಮುನ್ನೂರ ಅರವತ್ತು ವ್ಯಾಟ್ ಮೋಟರ್ ಕಣೋ, ಇಷ್ಟು ಸಣ್ಣ ದೋಣಿಗೆ ಸಾಕಾಗ್ಲಿಲ್ವಾ?" ಅಂತ ಟೀಮಿನಲ್ಲಿ ಒಬ್ಬ ಕೇಳಿದ. ಯಾರ ಹತ್ತಿರವೂ ಉತ್ತರ ಇರಲಿಲ್ಲ. ಯಾಕಂದರೆ ಆ 360 ಎಲ್ಲಿಂದ ಬಂತು ಅಂತ ನಾವ್ಯಾರೂ ಕೇಳಿಯೇ ಇರಲಿಲ್ಲ. ಲೇಬಲ್ ಮೇಲೆ ಬರೆದಿತ್ತು, ನಂಬಿದ್ವಿ.

ಅದು 775 ಸೈಜಿನ ಬ್ರಷ್ ಇರುವ ಡಿಸಿ ಮೋಟರ್. ಹಾಬಿ ಅಂಗಡಿಗಳಲ್ಲಿ, ಹ್ಯಾಂಡ್ ಡ್ರಿಲ್ಲುಗಳ ಹೊಟ್ಟೆಯಲ್ಲಿ ಎಲ್ಲಾ ಕಡೆ ಸಿಗುತ್ತದೆ. 12 ವೋಲ್ಟ್, 30 ಆಂಪಿಯರ್, ಗುಣಿಸಿದರೆ 360 ವ್ಯಾಟ್. ಲೆಕ್ಕ ಸರಿಯಾಗೇ ಇದೆ. ಆದರೆ ಆ 30 ಆಂಪಿಯರ್ ಯಾವಾಗ ಹರಿಯುತ್ತದೆ ಅನ್ನೋದು ಆಮೇಲೆ ಗೊತ್ತಾಯ್ತು. ಶಾಫ್ಟನ್ನು ಇಕ್ಕಳದಲ್ಲಿ ಬಿಗಿಯಾಗಿ ಹಿಡಿದು ತಿರುಗದ ಹಾಗೆ ಮಾಡಿದಾಗ. ಅಂದರೆ ಲೇಬಲ್ಲಿನ 360 ವ್ಯಾಟ್‌ನಲ್ಲಿ ದೋಣಿಗೆ ಸಿಗೋದು ಸೊನ್ನೆ, ಪೂರ್ತಿ 360 ತಂತಿಯನ್ನು ಕಾಯಿಸೋಕೆ ಹೋಗುತ್ತದೆ!

ಹೊಸ ಮೋಟರ್ ತರುವ ಮೊದಲು ಇದನ್ನು ಅಳೆದೇ ಬಿಡೋಣ ಅಂತ ತೀರ್ಮಾನ ಮಾಡಿದ್ವಿ. ದೋಣಿಗೆ ಬೇಕಾಗಿರೋದು ಬ್ಯಾಟರಿಯಿಂದ ಒಳಗೆ ಹೋದ ಪವರ್ ಅಲ್ಲ, ಶಾಫ್ಟಿನಿಂದ ಹೊರಗೆ ಬಂದ ಪವರ್. ಒಳಗೆ ಹೋಗೋದನ್ನು ಅಳೆಯೋದು ಸುಲಭ. ಬ್ಯಾಟರಿ ಮತ್ತು ಸ್ಪೀಡ್ ಕಂಟ್ರೋಲರ್ ನಡುವೆ ಒಂದು ವ್ಯಾಟ್‌ಮೀಟರ್ ಸಿಕ್ಕಿಸಿದರೆ ಆಯ್ತು. ಹೊರಗೆ ಬರೋದಕ್ಕೆ ಟಾರ್ಕ್ ಬೇಕು, ಆರ್‌ಪಿಎಂ ಬೇಕು. ಟಾರ್ಕನ್ನು ನ್ಯೂಟನ್ ಮೀಟರಿನಲ್ಲಿ ಇಟ್ಟು ಆರ್‌ಪಿಎಂನಿಂದ ಗುಣಿಸಿ 9.55ರಿಂದ ಭಾಗಿಸಿದರೆ ವ್ಯಾಟ್. ಲಟ್ಟಣಿಗೆಗಿಂತ ಚಿಕ್ಕದಾದ ಮೋಟರಿನ ಟಾರ್ಕ್ ಅಳೆಯೋದು ಹೇಗೆ ಅನ್ನೋದೇ ಪ್ರಶ್ನೆ.

ಉತ್ತರ ನಮ್ಮ ಲ್ಯಾಬ್ ರೆಕಾರ್ಡಿನಲ್ಲೇ ಇತ್ತು. ಎಲೆಕ್ಟ್ರಿಕಲ್ ಮಷೀನ್ಸ್ ಲ್ಯಾಬಿನಲ್ಲಿ ಸ್ವಿನ್‌ಬರ್ನ್ ಟೆಸ್ಟ್, ಬ್ರೇಕ್ ಟೆಸ್ಟ್, ಹಾಪ್‌ಕಿನ್ಸನ್ ಟೆಸ್ಟ್ ಅಂತ ಮೂರು ಪ್ರಯೋಗ ಮಾಡಿದ್ವಲ್ಲ, ಅವೇ. ಮಾಡಿದ್ವಿ ಅಂದೆ, ನಿಜ ಹೇಳಬೇಕಂದ್ರೆ ಅರ್ಧ ರೀಡಿಂಗ್ ಸೀನಿಯರ್‌ಗಳ ರೆಕಾರ್ಡಿನಿಂದ ಇಳಿಸಿಕೊಂಡಿದ್ದು. ಆ ಮೂರನ್ನೂ ಈ ಪುಟ್ಟ ಮೋಟರ್ ಮೇಲೆ ಮಾಡೋವಾಗಲೇ ಅವು ಏನು ಅಂತ ನನಗೆ ಮೊದಲ ಸಲ ಅರ್ಥವಾಗಿದ್ದು.

ಮೊದಲು ಸ್ವಿನ್‌ಬರ್ನ್. ಲೋಡ್ ಹಾಕದೆಯೇ ಲೋಡಿನ ಲೆಕ್ಕ ಹೇಳುವ ಉಪಾಯ ಇದು. ಸೀರೀಸ್ ಮೋಟರಿಗೆ ಇದು ನಡೆಯಲ್ಲ ಅಂತ ವೈವಾದಲ್ಲಿ ಕೇಳ್ತಾರೆ. ನಮ್ಮದು ಪರ್ಮನೆಂಟ್ ಮ್ಯಾಗ್ನೆಟ್, ಫ್ಲಕ್ಸ್ ಹೆಚ್ಚು ಕಡಿಮೆ ಸ್ಥಿರ, ಹಾಗಾಗಿ ನಡೆಯುತ್ತದೆ. ಅದೇ ಮಾದರಿಯ ಇನ್ನೊಂದು ಮೋಟರನ್ನು ಟೇಬಲ್ಲಿಗೆ ಬಿಗಿದು, 12 ವೋಲ್ಟ್ ಕೊಟ್ಟು, ಶಾಫ್ಟಿಗೆ ಏನೂ ಸಿಕ್ಕಿಸದೆ ಓಡಿಸಿದ್ವಿ. ಕರೆಂಟ್ 1.2 ಆಂಪಿಯರ್, ವೇಗ 12,000 ಆರ್‌ಪಿಎಂ. ಈ 1.2 ಆಂಪಿಯರ್ ಬೇರಿಂಗ್, ಬ್ರಷ್, ಕಬ್ಬಿಣದ ನಷ್ಟಗಳಿಗೆ ಮೋಟರ್ ಕಟ್ಟುವ ಬಾಡಿಗೆ. ಕೆಲಸ ಮಾಡಲಿ ಬಿಡಲಿ, ಕಟ್ಟಲೇಬೇಕು.

ಆಮೇಲೆ ವೈಂಡಿಂಗಿನ ರೆಸಿಸ್ಟೆನ್ಸ್. ಇಲ್ಲಿ ಒಂದು ಎಚ್ಚರಿಕೆ. ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ ಟರ್ಮಿನಲ್ಲಿಗೆ ಇಟ್ಟರೆ ಬರುವ ಸಂಖ್ಯೆಗೆ ಬೆಲೆ ಇಲ್ಲ. ನಮ್ಮ ಮೀಟರಿನ ಎರಡು ಪ್ರೋಬ್ ಒಂದಕ್ಕೊಂದು ಮುಟ್ಟಿಸಿದರೇನೇ 0.3 ತೋರಿಸುತ್ತಿತ್ತು, ಅಳೆಯಬೇಕಾಗಿದ್ದು 0.4. ಸರಿಯಾದ ದಾರಿ ಅಂದರೆ ಶಾಫ್ಟ್ ತಿರುಗದಂತೆ ಹಿಡಿದು, ಬೆಂಚ್ ಸಪ್ಲೈಯಿಂದ ಸರಿಯಾಗಿ 2 ಆಂಪಿಯರ್ ಹರಿಸಿ, ಮೋಟರಿನ ಟರ್ಮಿನಲ್ ಮೇಲೇ ಬೇರೆ ಪ್ರೋಬ್ ಇಟ್ಟು ವೋಲ್ಟೇಜ್ ನೋಡುವುದು. 0.8 ವೋಲ್ಟ್ ಬಂತು, ಅಂದರೆ 0.4 ಓಮ್. ಬ್ರಷ್ ಕಮ್ಯುಟೇಟರಿನ ಯಾವ ಪಟ್ಟಿ ಮೇಲೆ ಕೂತಿದೆ ಅನ್ನೋದರ ಮೇಲೆ ಇದು ಬದಲಾಗುತ್ತದೆ. ಶಾಫ್ಟನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ಏಳೆಂಟು ಸಲ ತೆಗೆದು ಸರಾಸರಿ ಮಾಡಿ. ಬೇಗ ಮುಗಿಸಿ, ಇಲ್ಲದಿದ್ದರೆ ತಂತಿ ಕಾದು ಓಮ್ ಏರುತ್ತದೆ.

ಇಷ್ಟೇ ಬೇಕಾಗಿದ್ದು. ಈಗ ಯಾವುದೇ ಕರೆಂಟಿಗೆ ಶಾಫ್ಟಿನ ಪವರ್ ಹೀಗೆ:

(ವೋಲ್ಟೇಜ್ − ಕರೆಂಟ್ × ರೆಸಿಸ್ಟೆನ್ಸ್) × (ಕರೆಂಟ್ − ನೋ ಲೋಡ್ ಕರೆಂಟ್)

ಮೊದಲ ಆವರಣದಲ್ಲಿ ಉಳಿಯೋದು ಬ್ಯಾಕ್ ಇಎಂಎಫ್, ಎರಡನೆಯದರಲ್ಲಿ ಉಳಿಯೋದು ನಿಜವಾಗಿ ಟಾರ್ಕ್ ಹುಟ್ಟಿಸುವ ಕರೆಂಟ್. 6 ಆಂಪಿಯರ್ ಹಾಕಿ ನೋಡಿ. 9.6 ಗುಣಿಸು 4.8, ಅಂದರೆ 46 ವ್ಯಾಟ್. ಒಳಗೆ ಹೋಗಿದ್ದು 72. ದಕ್ಷತೆ 64 ಪರ್ಸೆಂಟ್, ಈ ಮೋಟರಿಗೆ ಅದೇ ತುತ್ತತುದಿ. 8 ಆಂಪಿಯರಿಗೆ 96 ಒಳಗೆ, 60 ಹೊರಗೆ. 15.6 ಆಂಪಿಯರಿಗೆ 187 ಒಳಗೆ, 83 ಹೊರಗೆ. ಅಲ್ಲಿಂದ ಮುಂದೆ ಕರೆಂಟ್ ಏರಿಸಿದಷ್ಟೂ ಔಟ್‌ಪುಟ್ ಇಳಿಯುತ್ತಾ ಹೋಗಿ, 30 ಆಂಪಿಯರಿನಲ್ಲಿ ಸೊನ್ನೆ. ಅಂದರೆ 360 ವ್ಯಾಟ್ ಅಂತ ದುಡ್ಡು ಕೊಟ್ಟ ಮೋಟರ್, ತಲೆಕೆಳಗಾಗಿ ನಿಂತರೂ 83 ವ್ಯಾಟಿಗಿಂತ ಹೆಚ್ಚು ಕೊಡಲ್ಲ. ಆ 83 ಕೊಡುವಾಗ ಒಳಗೆ 104 ವ್ಯಾಟ್ ಶಾಖ. ಲ್ಯಾಬಿನ 25 ವ್ಯಾಟಿನ ಸೋಲ್ಡರಿಂಗ್ ಐರನ್ ನಾಲ್ಕನ್ನು ಮೋಟರ್ ಒಳಗೆ ತುರುಕಿದ ಹಾಗೆ.

ಸ್ಟಾಲ್ ಕರೆಂಟಿನ ಅರ್ಧದ ಹತ್ತಿರ ಗರಿಷ್ಠ ಪವರ್, ದಕ್ಷತೆ ಐವತ್ತರ ಆಸುಪಾಸು. ಇದನ್ನು ನೆಟ್‌ವರ್ಕ್ ಥಿಯರಿಯಲ್ಲಿ ಮ್ಯಾಕ್ಸಿಮಮ್ ಪವರ್ ಟ್ರಾನ್ಸ್‌ಫರ್ ಅಂತ ಓದಿರ್ತೀರಿ. ಆ ಸೂತ್ರಕ್ಕೆ ಯಾಕೋಬಿ ಹೆಸರೂ ಇದೆ. ತಮಾಷೆ ಅಂದರೆ ಈ ಮೋರಿಟ್ಜ್ ಯಾಕೋಬಿಯೇ 1838ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ನೇವಾ ನದಿಯಲ್ಲಿ ಬ್ಯಾಟರಿ ಮತ್ತು ಮೋಟರಿನಿಂದ ಜನ ಕೂತ ದೋಣಿ ಓಡಿಸಿದವನು. ಎಲೆಕ್ಟ್ರಿಕ್ ದೋಣಿ ಕಟ್ಟಿದವನ ಸೂತ್ರವೇ ನಮ್ಮ ದೋಣಿ ಯಾಕೆ ಸುಟ್ಟಿತು ಅಂತ ಹೇಳ್ತಾ ಇದೆ. ಗರಿಷ್ಠ ಪವರ್ ಸಿಗುವ ಜಾಗ ಬೇರೆ, ಗರಿಷ್ಠ ದಕ್ಷತೆಯ ಜಾಗ ಬೇರೆ. ಎರಡನ್ನೂ ಒಂದೇ ಅಂದುಕೊಂಡರೆ ವಾರ್ನಿಷ್ ವಾಸನೆ ಗ್ಯಾರಂಟಿ.

ಆದರೆ ಇದೆಲ್ಲ ಲೆಕ್ಕ. ಲೆಕ್ಕ ಸರಿಯೋ ಅಂತ ನೋಡೋಕೆ ಎರಡನೇ ಪ್ರಯೋಗ, ಬ್ರೇಕ್ ಟೆಸ್ಟ್. ಫ್ರಾನ್ಸಿನ ಇಂಜಿನಿಯರ್ ದ ಪ್ರೋನಿ 1821ರಲ್ಲಿ ಮಾಡಿದ ಬ್ರೇಕಿನ ವಂಶ ಇದು. ಲ್ಯಾಬಿನಲ್ಲಿ ಬೆಲ್ಟು ಸುತ್ತಿ ಎರಡು ಸ್ಪ್ರಿಂಗ್ ಬ್ಯಾಲೆನ್ಸ್ ಎಳೆಯುತ್ತೀವಲ್ಲ, ಎರಡರ ವ್ಯತ್ಯಾಸ ಗುಣಿಸು 9.81 ಗುಣಿಸು ರೇಡಿಯಸ್. ನಾವು 40 ಮಿಲಿಮೀಟರಿನ ಅಲ್ಯುಮಿನಿಯಂ ಪುಲ್ಲಿ ಹಾಕಿ, ಹತ್ತಿಯ ದಾರ ಸುತ್ತಿ, ಎರಡೂ ತುದಿಗೆ ಬ್ಯಾಲೆನ್ಸ್ ಕಟ್ಟಿದ್ವಿ. ಮೊದಲ ಸಲ ಅರ್ಧ ನಿಮಿಷದಲ್ಲಿ ದಾರ ಕಪ್ಪಾಗಿ ತುಂಡಾಯ್ತು. ನೈಲಾನ್ ಹಾಕಿದರೆ ಕರಗಿ ಪುಲ್ಲಿಗೆ ಅಂಟಿಕೊಂಡಿತು. ಶಾಫ್ಟಿನ ಅಷ್ಟೂ ಪವರ್ ಶಾಖವಾಗಿ ಆ ಪುಟ್ಟ ಪುಲ್ಲಿಯಲ್ಲೇ ಕೂರಬೇಕಲ್ಲ, ಇನ್ನೇನಾಗುತ್ತದೆ? ಬ್ಯಾಲೆನ್ಸಿನ ಮುಳ್ಳು ಬೇರೆ ಒಂದು ಕಡೆ ನಿಲ್ಲದೆ ಕುಣಿಯುತ್ತಿತ್ತು. ದೊಡ್ಡ ಮಷೀನಿಗೆ ಒಳ್ಳೇ ವಿಧಾನ, ಇಷ್ಟು ಚಿಕ್ಕದಕ್ಕೆ, ಇಷ್ಟು ವೇಗಕ್ಕೆ ಹೇಳಿಸಿದ್ದಲ್ಲ. ಆದರೂ ಮಾಡೋದಾದರೆ ಕನ್ನಡಕ ಹಾಕ್ಕೊಳ್ಳಿ, ಕೊರಳಲ್ಲಿರುವ ಐಡಿ ಕಾರ್ಡ್ ತೆಗೆದು ಬ್ಯಾಗಿಗೆ ಹಾಕಿ. 10,000 ಆರ್‌ಪಿಎಂನಲ್ಲಿ ಆ ಪುಲ್ಲಿಯ ಅಂಚು ಗಂಟೆಗೆ 75 ಕಿಲೋಮೀಟರ್ ವೇಗದಲ್ಲಿ ಓಡ್ತಿರುತ್ತದೆ, ಒಂದು ದಾರ ಸಿಕ್ಕಿದರೆ ಸಾಕು.

ದಾರಿ ತೋರಿಸಿದ್ದು ನ್ಯೂಟನ್ನಿನ ಮೂರನೇ ನಿಯಮ. ಮೋಟರ್ ಶಾಫ್ಟನ್ನು ಎಷ್ಟು ಬಲದಿಂದ ಒಂದು ಕಡೆ ತಿರುಗಿಸುತ್ತದೋ ಅಷ್ಟೇ ಬಲದಿಂದ ಅದರ ದೇಹ ಇನ್ನೊಂದು ಕಡೆ ತಿರುಗೋಕೆ ನೋಡುತ್ತದೆ. ಹಾಗಾದರೆ ತಿರುಗುವ ಶಾಫ್ಟನ್ನು ಬಿಟ್ಟು, ನಿಂತಿರುವ ದೇಹದ ಮೇಲೇ ಟಾರ್ಕ್ ಅಳೆಯಬಹುದಲ್ಲ! 6009 ನಂಬರಿನ ಬೇರಿಂಗಿನ ಒಳರಂಧ್ರ 45 ಮಿಲಿಮೀಟರ್. ಮೋಟರಿಗೆ ಇನ್ಸುಲೇಷನ್ ಟೇಪ್ ಸುತ್ತಿ ಅದರೊಳಗೆ ಬಿಗಿಯಾಗಿ ಕೂರಿಸಿದ್ವಿ. ಬೇರಿಂಗಿನ ಸೀಲ್ ಕಿತ್ತು, ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಊದಿದರೆ ತಿರುಗುವಷ್ಟು ಹಗುರ ಮಾಡಿದ್ವಿ. ಮೋಟರಿನ ದೇಹಕ್ಕೆ ಅಡ್ಡಲಾಗಿ ಒಂದು ಅಲ್ಯುಮಿನಿಯಂ ಪಟ್ಟಿ. ಮಧ್ಯದಿಂದ ಸರಿಯಾಗಿ 10 ಸೆಂಟಿಮೀಟರ್ ದೂರದಲ್ಲಿ ಒಂದು ಸ್ಕ್ರೂ, ಅದರ ತುದಿ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ. ತಕ್ಕಡಿ ನಮ್ಮ ಟೀಮಿನವಳೊಬ್ಬಳ ಅಮ್ಮನದು, ಕೇಕ್ ಮಾಡೋಕೆ ಇಟ್ಟುಕೊಂಡಿದ್ದು. ಒಂದು ಗ್ರಾಂವರೆಗೆ ತೋರಿಸುತ್ತದೆ.

ತಕ್ಕಡಿಯನ್ನು ಸೊನ್ನೆ ಮಾಡಿ, ಸ್ಕ್ರೂ ಇರುವ ಜಾಗದಲ್ಲೇ ಪಟ್ಟಿ ಮೇಲೆ ನಾಲ್ಕು ಹತ್ತು ರೂಪಾಯಿ ನಾಣ್ಯ ಇಟ್ಟು ನೋಡಿದ್ವಿ. ಒಂದೊಂದು ಸುಮಾರು 7.7 ಗ್ರಾಂ, ಒಟ್ಟು 31 ಬರಬೇಕು. ಮೊದಲು 27 ಬಂತು. ಮೋಟರಿಗೆ ಹೋಗುವ ದಪ್ಪ ವೈರ್ ಪಟ್ಟಿಯನ್ನು ಎತ್ತಿ ಹಿಡಿದಿತ್ತು. ಮೆತ್ತನೆಯ ಸಿಲಿಕಾನ್ ವೈರ್ ಹಾಕಿ, ಶಾಫ್ಟಿನ ಸಾಲಿನಲ್ಲೇ ಹಿಂದಕ್ಕೆ ತೆಗೆದ ಮೇಲೆ 31ಕ್ಕೆ ಬಂತು. ಇದೊಂದು ಪರೀಕ್ಷೆ ಬಿಟ್ಟಿದ್ದರೆ ಮುಂದಿನ ಎಲ್ಲಾ ರೀಡಿಂಗೂ ಹಾಳು.

ಈಗ ಲೋಡ್ ಬೇಕು. ಅದಕ್ಕೆ ಮೂರನೇ ಪ್ರಯೋಗದ ಬಡ ತಮ್ಮನನ್ನು ಕರೆದ್ವಿ. ಹಾಪ್‌ಕಿನ್ಸನ್ ಟೆಸ್ಟಿನಲ್ಲಿ ಒಂದೇ ಥರದ ಎರಡು ಮಷೀನ್ ಜೋಡಿಸಿ ಒಂದನ್ನು ಮೋಟರ್, ಇನ್ನೊಂದನ್ನು ಜನರೇಟರ್ ಮಾಡ್ತೀವಿ. ನಾವು ಇನ್ನೊಂದು 775ನ್ನು ದಪ್ಪ ಸಿಲಿಕಾನ್ ಟ್ಯೂಬಿನಿಂದ ಶಾಫ್ಟಿಗೆ ಶಾಫ್ಟ್ ಜೋಡಿಸಿ, ಅದರ ಟರ್ಮಿನಲ್ಲಿಗೆ 55 ವ್ಯಾಟಿನ ಒಂದು ಹೆಡ್‌ಲೈಟ್ ಬಲ್ಬ್ ಹಾಕಿದ್ವಿ. ಹಾಪ್‌ಕಿನ್ಸನ್ನಿನಲ್ಲಿ ಕರೆಂಟ್ ವಾಪಸ್ ಸಪ್ಲೈಗೆ ಹೋಗುತ್ತದೆ, ನಮ್ಮಲ್ಲಿ ಬಲ್ಬಿನಲ್ಲಿ ಉರಿದು ಹೋಗುತ್ತದೆ, ಅಷ್ಟೇ ವ್ಯತ್ಯಾಸ. ಈ ಏರ್ಪಾಡಿನ ಸೊಗಸು ಅಂದರೆ ಜನರೇಟರಿನ ದಕ್ಷತೆ ಎಷ್ಟು ಅಂತ ಗೊತ್ತಿರಬೇಕಾಗೇ ಇಲ್ಲ. ಅದು ಬರೀ ಭಾರ. ಅಳೆಯೋದು ಮೋಟರಿನ ದೇಹದ ಮೇಲೆ.

ವೇಗಕ್ಕೆ ಬೆಳಕಿನ ಟ್ಯಾಕೋಮೀಟರ್. ಶಾಫ್ಟಿನ ಟ್ಯೂಬಿಗೆ ಒಂದು ಬಿಳಿ ಸ್ಟಿಕರ್. ಟ್ಯಾಕೋಮೀಟರ್ ನಂಬಬಹುದೋ ಅಂತ ನೋಡೋಕೆ ಚೋಕ್ ಇರುವ ಹಳೇ ಟ್ಯೂಬ್‌ಲೈಟಿನ ಕಡೆ ಹಿಡಿಯಿರಿ. ನಮ್ಮ ಮೇನ್ಸ್ 50 ಹರ್ಟ್ಸ್, ಟ್ಯೂಬ್ ಸೆಕೆಂಡಿಗೆ 100 ಸಲ ಮಿನುಗುತ್ತದೆ, ನಿಮಿಷಕ್ಕೆ 6,000. ಎರಡು ಬ್ಲೇಡಿನ ಸೆಟ್ಟಿಂಗ್ ಇದ್ದರೆ 3,000 ತೋರಿಸಬೇಕು. ಇದೇ ಕಾರಣಕ್ಕೆ ಆ ಟ್ಯೂಬ್‌ಲೈಟ್ ಕೆಳಗೆ ಮೋಟರ್ ಅಳೆಯಬೇಡಿ. ನಿಂತಿರುವ ಮೋಟರಿಗೂ 3,000 ಆರ್‌ಪಿಎಂ ಬಂದೀತು.

ಬಲ್ಬು ಕೆಂಪಗೆ ಉರಿಯಿತು, ತಕ್ಕಡಿ ನಿಂತಿತು. ಒಳಗೆ 12 ವೋಲ್ಟ್, 6 ಆಂಪಿಯರ್. ತಕ್ಕಡಿ 44 ಗ್ರಾಂ. ವೇಗ 9,500. ಟಾರ್ಕ್ ಅಂದರೆ 0.044 ಗುಣಿಸು 9.81 ಗುಣಿಸು 0.1, ಅದು 0.0432 ನ್ಯೂಟನ್ ಮೀಟರ್. ಪವರ್ 43 ವ್ಯಾಟ್. ಲೆಕ್ಕ ಹೇಳಿದ್ದು 46.

ಮೂರು ವ್ಯಾಟ್ ಎಲ್ಲಿ ಹೋಯ್ತು? ಮೊದಲು ತಕ್ಕಡಿ ಮೇಲೆ ಅನುಮಾನ. ಆದರೆ ಒಂದು ಗ್ರಾಂ ಆಚೀಚೆ ಆದರೂ ತಪ್ಪು ಎರಡು ಪರ್ಸೆಂಟ್ ಚಿಲ್ಲರೆ, ಇದು ಆರೂವರೆ. ಆರ್‌ಪಿಎಂ ನೋಡಿ. ಲೆಕ್ಕದ ಪ್ರಕಾರ 10,000 ಇರಬೇಕಾಗಿದ್ದು 9,500ಕ್ಕೆ ಇಳಿದಿತ್ತು, ಟಾರ್ಕ್ ಹೆಚ್ಚು ಕಡಿಮೆ ಅಷ್ಟೇ ಇತ್ತು. ಕಳುವಾಗಿದ್ದು ವೋಲ್ಟೇಜಿನ ಕಡೆ. ತಾಮ್ರದ ರೆಸಿಸ್ಟೆನ್ಸ್ ಪ್ರತಿ ಡಿಗ್ರಿಗೆ 0.39 ಪರ್ಸೆಂಟ್ ಏರುತ್ತದೆ. ವೈಂಡಿಂಗ್ 60 ಡಿಗ್ರಿ ಬಿಸಿಯಾದರೆ 0.4 ಓಮ್ ಹೋಗಿ 0.49 ಓಮ್. ಅದನ್ನು ಸೂತ್ರಕ್ಕೆ ಹಾಕಿದರೆ ಉತ್ತರ 43ಕ್ಕೇ ಬಂದು ಕೂರುತ್ತದೆ. ತಣ್ಣಗಿರುವಾಗ ಅಳೆದ ರೆಸಿಸ್ಟೆನ್ಸಿನಿಂದ ಬಿಸಿ ಮೋಟರಿನ ಲೆಕ್ಕ ಮಾಡಿದ್ದು ನಮ್ಮ ತಪ್ಪು. ಅನುಮಾನ ಇದ್ದವರು ಓಡಿಸಿ ನಿಲ್ಲಿಸಿದ ತಕ್ಷಣ ಮತ್ತೆ 2 ಆಂಪಿಯರ್ ಹರಿಸಿ ನೋಡಬಹುದು.

ಬೇರಿಂಗ್, ತಕ್ಕಡಿ ಏನೂ ಇಲ್ಲದವರಿಗೆ ಒಂದು ಅಡ್ಡದಾರಿ. ಬಲ್ಬಿನಲ್ಲಿ ನಮಗೆ ಸಿಕ್ಕಿದ್ದು 7.7 ವೋಲ್ಟ್, 3.5 ಆಂಪಿಯರ್, ಅಂದರೆ 27 ವ್ಯಾಟ್. ಇದನ್ನೇ ಮೋಟರಿನ ಔಟ್‌ಪುಟ್ ಅನ್ನಬೇಡಿ, ನಡುವೆ ಜನರೇಟರ್ ತನ್ನ ಪಾಲು ತಿಂದಿದೆ. ಎರಡೂ ಮಷೀನ್ ಒಂದೇ ಥರ, ಎರಡರ ನಷ್ಟವೂ ಸಮ ಅಂದುಕೊಂಡರೆ ಒಟ್ಟು ದಕ್ಷತೆಯ ವರ್ಗಮೂಲವೇ ಒಂದರ ದಕ್ಷತೆ. 27 ಭಾಗಿಸು 72, ಅದು 0.375. ವರ್ಗಮೂಲ 0.61. ತಕ್ಕಡಿ ಹೇಳಿದ್ದು 0.60. ಬಲ್ಬು ಮತ್ತು ಮಲ್ಟಿಮೀಟರಿನಿಂದ ಇಷ್ಟು ಹತ್ತಿರ ಬಂದರೆ ಮೋಸ ಇಲ್ಲ.

ಇನ್ನು ನೀರು. ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿ ದೋಣಿಯನ್ನು ಹಗ್ಗದಿಂದ ಕಟ್ಟಿ, ಸುಟ್ಟುಹೋದಾಗ ಇದ್ದ 45 ಮಿಲಿಮೀಟರಿನ ಪ್ರೊಪೆಲ್ಲರನ್ನೇ ಹಾಕಿ, ಐದೇ ಸೆಕೆಂಡ್ ಫುಲ್ ಥ್ರಾಟಲ್ ಕೊಟ್ಟು ವ್ಯಾಟ್‌ಮೀಟರ್ ನೋಡಿದ್ವಿ. 15.5 ಆಂಪಿಯರ್. ಯಾಕೋಬಿಯ ಜಾಗದಲ್ಲೇ ಕೂತಿತ್ತು ನಮ್ಮ ದೋಣಿ. ನಾಲ್ಕು ಸೋಲ್ಡರಿಂಗ್ ಐರನ್ನಿನ ಲೆಕ್ಕ ನೆನಪಿದೆಯಲ್ಲ. ದೋಣಿ ಮುಂದೆ ಹೋಗುವಾಗ ಪ್ರೊಪೆಲ್ಲರಿಗೆ ಎದುರಾಗುವ ನೀರು ಆಗಲೇ ಚಲಿಸುತ್ತಿರುವುದರಿಂದ ಕರೆಂಟ್ ಸ್ವಲ್ಪ ಇಳಿಯುತ್ತದೆ. ಆದರೆ ರೇಸಿನಲ್ಲಿ ನಿಂತು ಹೊರಡುವ, ತಿರುಗುವ, ಪಾಚಿಗೆ ಸಿಕ್ಕುವ ಕ್ಷಣಗಳೇ ಜಾಸ್ತಿ. ಟಬ್ಬಿನ ರೀಡಿಂಗ್ ಕೆಟ್ಟ ದಿನದ ರೀಡಿಂಗ್, ಅದನ್ನೇ ನಂಬಬೇಕು.

ಹಗ್ಗಕ್ಕೆ ಸ್ಪ್ರಿಂಗ್ ಬ್ಯಾಲೆನ್ಸ್ ಕಟ್ಟಿ ಎಳೆತ ನೋಡಿ, ಅದನ್ನೇ ಪವರ್ ಅಂದುಕೊಳ್ಳುವವರಿದ್ದಾರೆ. ನಿಂತ ದೋಣಿಯ ವೇಗ ಸೊನ್ನೆ, ಬಲ ಗುಣಿಸು ವೇಗವೂ ಸೊನ್ನೆ. ಪವರೆಲ್ಲ ನೀರನ್ನು ಹಿಂದಕ್ಕೆ ತಳ್ಳೋದರಲ್ಲಿ ಹೋಗುತ್ತಿರುತ್ತದೆ. ಆದರೂ ಎಳೆತದಿಂದ ಒಂದು ಕನಿಷ್ಠ ಲೆಕ್ಕ ಸಿಗುತ್ತದೆ. 40 ಮಿಲಿಮೀಟರಿನ ಪ್ರೊಪೆಲ್ಲರ್ ನಿಂತಲ್ಲೇ 10 ನ್ಯೂಟನ್, ಅಂದರೆ ಸುಮಾರು ಒಂದು ಕಿಲೋ ಎಳೆಯಬೇಕಾದರೆ, ಪ್ರೊಪೆಲ್ಲರ್ ದೇವರು ಮಾಡಿದ್ದೇ ಆದರೂ ನೀರಿಗೆ 20 ವ್ಯಾಟ್ ಹೋಗಲೇಬೇಕು. ನಿಜದಲ್ಲಿ ಇನ್ನೂ ಹೆಚ್ಚು.

ಪ್ರೊಪೆಲ್ಲರನ್ನು 35 ಮಿಲಿಮೀಟರಿಗೆ ಇಳಿಸಿದ್ವಿ. ಟಬ್ಬಿನಲ್ಲಿ ಕರೆಂಟ್ 8ರ ಹತ್ತಿರ ಬಂತು. ಔಟ್‌ಪುಟ್ 83ರಿಂದ 60ಕ್ಕೆ ಇಳಿಯಿತು ಅಂತ ಬೇಜಾರಾಗಬಹುದು. ಆದರೆ ಶಾಖ 104ರಿಂದ 36ಕ್ಕೆ ಇಳಿಯಿತು! ನೀರಿನಲ್ಲಿ ಪವರ್ ಹೆಚ್ಚು ಕಡಿಮೆ ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ, ಪವರ್ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಹೋದರೂ ವೇಗದಲ್ಲಿ ಕಳೆದುಕೊಳ್ಳೋದು ಹತ್ತು ಪರ್ಸೆಂಟಿನಷ್ಟು. 2,200 ಎಂಎಎಚ್ ಲೈಪೋ ಎಂಟು ನಿಮಿಷದ ಬದಲು ಹದಿನಾರು ನಿಮಿಷದ ಲೆಕ್ಕಕ್ಕೆ ಬಂತು. ಲೈಪೋವನ್ನು ಪೂರ್ತಿ ಬರಿದು ಮಾಡಬಾರದು, ಹಾಗಾಗಿ ಹನ್ನೆರಡು ಅಂತಿಟ್ಟುಕೊಳ್ಳಿ.

ಬ್ರಷ್‌ಲೆಸ್ ಮೋಟರ್ ಇರುವವರಿಗೆ ಎರಡು ಮಾತು. ವ್ಯಾಟ್‌ಮೀಟರ್ ಯಾವಾಗಲೂ ಬ್ಯಾಟರಿ ಮತ್ತು ಇಎಸ್‌ಸಿ ನಡುವೆಯೇ ಇರಲಿ. ಇಎಸ್‌ಸಿ ದಾಟಿದ ಮೇಲಿನ ಮೂರು ವೈರಿನಲ್ಲಿ ಹಾಕಿದರೆ ಬರುವ ಸಂಖ್ಯೆ ಪಂಚಾಂಗಕ್ಕೂ ಉಪಯೋಗವಿಲ್ಲ. ವೇಗವನ್ನು ಯಾವುದಾದರೂ ಎರಡು ಫೇಸ್ ನಡುವಿನ ಫ್ರೀಕ್ವೆನ್ಸಿಯಿಂದ ತೆಗೆಯಬಹುದು. 14 ಮ್ಯಾಗ್ನೆಟ್ಟಿನ ಔಟ್‌ರನ್ನರಿನಲ್ಲಿ 1,167 ಹರ್ಟ್ಸ್ ಅಂದರೆ 10,000 ಆರ್‌ಪಿಎಂ. ಬ್ರಷ್ ಇರಲಿ ಇಲ್ಲದಿರಲಿ, ಮೇಲಿನ ಸೂತ್ರ ಫುಲ್ ಥ್ರಾಟಲ್ಲಿಗೆ ಮಾತ್ರ. ಅರ್ಧ ಥ್ರಾಟಲ್ಲಿನಲ್ಲಿ ಬ್ಯಾಟರಿಯಲ್ಲಿ 5 ಆಂಪಿಯರ್ ತೋರಿಸಿದರೆ ಮೋಟರಿನ ತಂತಿಯಲ್ಲಿ ಸುಮಾರು 10 ಹರಿಯುತ್ತಿರುತ್ತದೆ. "ಅರ್ಧಕ್ಕೇ ಓಡಿಸಿದ್ದು ಸರ್, ಆದ್ರೂ ಸುಟ್ಟೋಯ್ತು" ಅನ್ನೋ ಕಥೆಗಳ ಹಿಂದೆ ಬಹಳ ಸಲ ಇದೇ ಇರುತ್ತದೆ.

ರೇಸಿನಲ್ಲಿ ನಾವು ಮೂರನೆಯವರು. ಮುಗಿದ ತಕ್ಷಣ ಮೋಟರ್ ಮೇಲೆ ಬೆರಳಿಟ್ಟು ನೋಡಿದೆ, ಹತ್ತು ಎಣಿಸುವವರೆಗೂ ಇಟ್ಟುಕೊಳ್ಳೋಕಾಯ್ತು. ಬೇರಿಂಗ್ ಸ್ಟ್ಯಾಂಡ್ ಮಷೀನ್ಸ್ ಲ್ಯಾಬಿನ ಕಿಟಕಿ ಪಕ್ಕದ ಕಪಾಟಿನಲ್ಲಿದೆ, ಕೀಲಿ ಅಟೆಂಡರ್ ಅಣ್ಣನ ಹತ್ತಿರ. ತಕ್ಕಡಿ ಮಾತ್ರ ನೀವೇ ತನ್ನಿ. ನಮ್ಮದು ವಾಪಸ್ ಅಡುಗೆಮನೆಗೆ ಹೋಗಿದೆ, ಅಲ್ಲಿಂದ ಇನ್ನೊಂದು ಸಲ ಹೊರಗೆ ಬರೋದು ಕಷ್ಟ.